ಘಾಟು ಇಳಿದ ಮೇಲೆ

ಬಿಯರ್ ಮಾಡುವವನಿಗೆ ಹಡಗಿನಲ್ಲಿ ದುಡಿಯುವ ಹೆಂಡತಿ ಸಿಗಬಾರದು. ಸಿಕ್ಕರೆ ನನ್ನ ಹಾಗೆ ಕ್ಯಾಲೆಂಡರನ್ನೂ ಸಮುದ್ರವನ್ನೂ ಬೈದುಕೊಂಡು ಕೂತಿರಬೇಕಾಗುತ್ತದೆ.

ನನ್ನವಳು ಸರಕು ಹಡಗಿನ ಎಂಜಿನಿಯರ್. ಹೋದರೆ ತಿಂಗಳುಗಟ್ಟಲೆ ನೀರಿನ ಮೇಲೆ, ಬಂದರೆ ನಾಲ್ಕು ದಿನ ಮನೆಯಲ್ಲಿ. ನಾನೂ ನನ್ನ ತಂಗಿಯೂ ಸೇರಿ ನಡೆಸುವ ಬಿಯರ್ ಅಂಗಡಿ ಚಿಕ್ಕದು. ಹಿಂದೆ ಟ್ಯಾಂಕುಗಳು, ಮುಂದೆ ತಂಗಿಯ ಕೌಂಟರ್, ಮೇಲೆ ಮನೆ. ಮೂಗೇ ನನ್ನ ಬಂಡವಾಳವಾದ್ದರಿಂದ ತಂಗಿ ನನ್ನನ್ನು ಮೂಗಣ್ಣ ಅನ್ನುತ್ತಾಳೆ. ಈಗ ಗಿರಾಕಿಗಳೂ ಹಾಗೇ ಕರೆಯುತ್ತಾರೆ.

ನಮಗೆ ಹೆಸರು ತಂದದ್ದು ‘ಘಾಟು’. ಹಾಪ್ಸ್ ಅನ್ನುವ ಹಸಿರು ಹೂವನ್ನು ಧಾರಾಳವಾಗಿ ಸುರಿದು ಮಾಡುವ, ತಲೆಗೂ ಚೆನ್ನಾಗಿ ಏರುವ ಕಹಿ ಬಿಯರ್. ಮುಚ್ಚಳ ತೆಗೆದರೆ ಕಿತ್ತಳೆ ಸಿಪ್ಪೆ, ಹಸಿ ಮರದ ಅಂಟು, ಈಗಷ್ಟೇ ಕೊಯ್ದ ಹುಲ್ಲು ಎಲ್ಲ ಒಟ್ಟಿಗೆ ಮೂಗಿಗೆ ನುಗ್ಗಬೇಕು. ಆದರೆ ಆ ವಾಸನೆಗೆ ಆಯುಸ್ಸು ಕಡಿಮೆ. ಒಂದು ತಿಂಗಳಿಗೆ ಮಂಕಾಗುತ್ತದೆ, ಮೂರು ತಿಂಗಳಿಗೆ ಬಾಟ್ಲಿಯಲ್ಲಿ ಉಳಿದಿರುವುದು ನೆನಪು ಮಾತ್ರ. ಸೆಖೆ ತಾಗಿದರೆ ಇನ್ನೂ ಬೇಗ. ಜನ ಕೇಳಬೇಕಲ್ಲ! ‘ಇಷ್ಟು ಸ್ಟ್ರಾಂಗ್ ಇದೆ, ಇಟ್ಟಷ್ಟೂ ರುಚಿ’ ಅನ್ನುತ್ತಾರೆ. ಹಲ್ಲಿನ ಡಾಕ್ಟರೊಬ್ಬರು ಮಗಳ ಮದುವೆಗೆಂದು ಒಂದು ಬಾಟ್ಲಿ ಎತ್ತಿಟ್ಟಿದ್ದರು. ಆ ಮಗಳಿಗೆ ಆಗಿನ್ನೂ ಹಲ್ಲೇ ಬಂದಿರಲಿಲ್ಲ. ಅವರಿಗೆ ಅಂಗಡಿಯಲ್ಲೇ ಮಂಗಳಾರತಿ ಮಾಡಿ ಕಳಿಸಿದ್ದೆ.

ದಿನ ತೀರಿದ ಬಾಟ್ಲಿಗಳನ್ನು ಸೋಮವಾರ ಬೆಳಿಗ್ಗೆ ನಾನೇ ಚರಂಡಿಗೆ ಸುರಿಯುತ್ತೇನೆ. ಒಂದನ್ನೂ ಬಾಯಿಗೆ ಇಟ್ಟವನಲ್ಲ.

“ಹೆತ್ತವರಿಗೆ ಹೆಗ್ಗಣಾನೂ ಮುದ್ದು ಅಂತಾರೆ,” ಅನ್ನುತ್ತಾಳೆ ತಂಗಿ. “ನಿನ್ನಂಥ ಹೆತ್ತವನನ್ನ ನಾನೆಲ್ಲೂ ನೋಡಿಲ್ಲ.”

ಹೆಂಡತಿ ಹೊರಡುವಾಗಲೆಲ್ಲ ಒಂದು ಪೆಟ್ಟಿಗೆ ತಾಜಾ ಘಾಟು ಕಟ್ಟಿ ಕೊಡುತ್ತಿದ್ದೆ. ತಿಂಗಳೊಳಗೆ ಮುಗಿಸಬೇಕು ಅಂತ ಆಣೆ ಹಾಕಿಸಿಕೊಂಡೇ ಕೊಡುತ್ತಿದ್ದೆ. ಅವಳು ಹೋದ ಮೇಲೆ ದಿಂಬಿನಲ್ಲಿ ಉಳಿದ ಅವಳ ಕೂದಲಿನ ವಾಸನೆ ಘಾಟಿಗಿಂತ ಬೇಗ ಇಳಿದುಹೋಗುತ್ತಿತ್ತು. ಮೂಗು ಚುರುಕಾದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಅವಳಿಲ್ಲದಿದ್ದರೆ ನನಗೆ ಹಸಿವೂ ನೆಟ್ಟಗೆ ಆಗುವುದಿಲ್ಲ, ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಅವಳು ಬರುವ ಹೊತ್ತಿಗೆ ಸರಿಯಾಗಿ ಘಾಟು ತಯಾರಾಗಬೇಕು, ಮೊದಲ ಗ್ಲಾಸು ಅವಳೇ ಕುಡಿಯಬೇಕು ಅನ್ನುವುದು ಮದುವೆಯಾದಾಗಿನಿಂದ ನನ್ನ ಹಟ. ಹಡಗು ಯಾವತ್ತೂ ಹೇಳಿದ ದಿನಕ್ಕೆ ಬರಲಿಲ್ಲ. ಅವಳು ಮೆಟ್ಟಿಲು ಹತ್ತುವಷ್ಟರಲ್ಲಿ ವಾಸನೆ ಮಂಕಾಗಿರುತ್ತಿತ್ತು. ಅವಳು ಎರಡು ಗುಟುಕು ಕುಡಿದು ಗ್ಲಾಸು ಕೆಳಗಿಡುತ್ತಿದ್ದಳು. ತಾಜಾ ಇಲ್ಲ, ಅದಕ್ಕೇ ಸೇರುತ್ತಿಲ್ಲ ಅಂದುಕೊಂಡು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಈ ಸಲ ಅವಳು ಕೆಲಸ ಬಿಟ್ಟು ಶಾಶ್ವತವಾಗಿ ಬರುವವಳಿದ್ದಳು. ಈ ಸಲವಾದರೂ ಅವಳು ಪೂರ್ತಿ ಗ್ಲಾಸು ಮುಗಿಸಬೇಕು, ಮುಗಿಸಿ ಇನ್ನೊಂದು ಕೇಳಬೇಕು. ನನಗೆ ಬೇಕಾಗಿದ್ದುದು ಅಷ್ಟೇ. ಬಿಯರನ್ನು ಟ್ಯಾಂಕಿನಲ್ಲೇ ತಣ್ಣಗೆ ಇಟ್ಟು, ವಾಸನೆ ಕೊಡುವ ಕೊನೆಯ ಕಂತಿನ ಹಾಪ್ಸನ್ನು ಹಾಕದೆ ಹಿಡಿದುಕೊಂಡೆ. ಹಡಗು ಮತ್ತೆ ತಡವಾಯಿತು. ಕೌಂಟರಿನಲ್ಲಿ ಹೊಸ ಘಾಟು ಇಲ್ಲ ಅಂತ ಗಿರಾಕಿಗಳು ಗೊಣಗಿದರು.

“ಅತ್ತಿಗೆ ಬರ್ತಿರೋದು ನಿನ್ನ ಜೊತೆ ಇರೋಕೆ. ಟ್ಯಾಂಕ್ ಜೊತೆ ಸಂಸಾರ ಮಾಡೋಕಲ್ಲ,” ಅಂತ ತಂಗಿ ರೇಗಿದಳು.

ಹಡಗು ದಡ ಮುಟ್ಟಲು ಇನ್ನು ಕೆಲವೇ ದಿನ ಅಂತ ಗಟ್ಟಿಯಾದ ಮೇಲೆ ಹಾಪ್ಸ್ ಸುರಿದೆ.

ಅವಳು ಒಂದು ಮಧ್ಯಾಹ್ನ ಬಂದಳು. ಕೂದಲು ಮೊದಲಿಗಿಂತ ಬೆಳ್ಳಗಾಗಿತ್ತು, ಬೆರಳ ಸಂದಿಯಲ್ಲಿ ಅದೇ ಎಣ್ಣೆ ಕರೆ. ಟ್ರಂಕು ಇಳಿಸಲೂ ಬಿಡದೆ ಟ್ಯಾಂಕಿನಿಂದಲೇ ಗ್ಲಾಸು ತುಂಬಿಸಿ ಕೈಗಿಟ್ಟೆ. ಇಡೀ ಕೋಣೆ ಕಿತ್ತಳೆ ಸಿಪ್ಪೆಯ ವಾಸನೆ ಹೊಡೆಯುತ್ತಿತ್ತು. ನನ್ನ ಜನ್ಮದಲ್ಲಿ ಅಷ್ಟು ಒಳ್ಳೆಯ ಘಾಟು ಮಾಡಿರಲಿಲ್ಲ.

ಅವಳು ಎರಡು ಗುಟುಕು ಕುಡಿದಳು.

“ಚೆನ್ನಾಗಿದೆ,” ಅಂದಳು. ನೆಂಟರ ಮನೆಯಲ್ಲಿ ಅನ್ನುತ್ತಾರಲ್ಲ, ಹಾಗೆ. ಗ್ಲಾಸು ಕೆಳಗಿಟ್ಟಳು.

ನಾನು ಗ್ಲಾಸು ಎತ್ತಿ ಮೂಸಿ ನೋಡಿದೆ. “ನಿಜ ಹೇಳು. ಏನು ಕಡಿಮೆಯಾಗಿದೆ?”

“ಏನೂ ಕಡಿಮೆ ಇಲ್ಲ ಕಣ್ರೀ. ಜಾಸ್ತಿನೇ ಇದೆ.” ಅವಳು ಟ್ರಂಕು ತೆಗೆದಳು. ಉಣ್ಣೆಯ ಕಾಲುಚೀಲದೊಳಗಿಂದ ಒಂದು ಬಾಟ್ಲಿ ಹೊರಬಂತು. ಹೋದ ಸಲ ಹೊರಡುವಾಗ ನಾನು ಕೊಟ್ಟ ಘಾಟು.

“ಇದಿನ್ನೂ ಇದೆಯಾ? ತಿಂಗಳೊಳಗೆ ಮುಗಿಸು ಅಂದಿದ್ದೆನಲ್ಲ!”

“ಮುಗಿಸಿಬಿಟ್ಟರೆ ಆಮೇಲೆ ಏನು ಮಾಡ್ಲಿ? ಮೊದಲನೇ ಸಲ ಹಾಗೇ ಮಾಡಿದೆ. ಉಳಿದ ತಿಂಗಳೆಲ್ಲ ನೀವೇ ಇಲ್ಲ ಅನ್ನಿಸ್ತು. ಆಮೇಲಿಂದ ತಡೆಯೋಕಾಗದೇ ಇದ್ದಾಗ ಮಾತ್ರ ಒಂದು ತೆಗೀತಿದ್ದೆ.”

“ಎಲ್ಲಿಟ್ಟಿದ್ದೆ?”

“ಮಂಚದ ಕೆಳಗೆ. ಎಂಜಿನ್ ಮೇಲೇ ನನ್ನ ಕೋಣೆ.”

ಆ ಸೆಖೆಯಲ್ಲಿ! ನಾನು ಕೈ ಚಾಚಿದೆ. “ಕೊಡು ಇಲ್ಲಿ, ಇದು ಯಾವತ್ತೋ ಸತ್ತಿದೆ. ಚೆಲ್ಲಿಬಿಡ್ತೀನಿ.”

ಅವಳು ಬಾಟ್ಲಿಯನ್ನು ಎದೆಗವಚಿಕೊಂಡಳು. “ಚೆಲ್ಲೋ ಮಾತಾಡಿದ್ರೆ ಮತ್ತೆ ಹಡಗು ಹತ್ತಿಬಿಡ್ತೀನಿ. ಇದಕ್ಕೇ ಇಷ್ಟು ವರ್ಷ ನಿಮಗೆ ಹೇಳ್ಲಿಲ್ಲ.” ಆಮೇಲೆ ದನಿ ಇಳಿಯಿತು. “ನಿಮ್ಮ ಹೊಸ ಬಿಯರ್ ಕುಡಿದಾಗಲೆಲ್ಲ ಯಾರದೋ ಮನೆಗೆ ಬಂದ ಹಾಗಾಗುತ್ತೆ. ನನಗೆ ನೀವು ಅಂದ್ರೆ ಈ ರುಚಿ.”

ಊರಿಗೆಲ್ಲ ಬಿಯರ್ ಪಾಠ ಹೇಳುವ ನನಗೆ ಇದು ಗೊತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು. ಆ ಬಾಟ್ಲಿಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು ಅಂದರೆ ನಗಬೇಡಿ. ನಾನು ಇಲ್ಲಿ ದಿಂಬು ಮೂಸುತ್ತ ಕೂತಿದ್ದಾಗ ಅದು ಅವಳ ಮಂಚದ ಕೆಳಗಿತ್ತು.

ಅವಳು ಬಾಟ್ಲಿ ತೆರೆದು ಇಬ್ಬರಿಗೂ ಬಗ್ಗಿಸಿದಳು. ಹೊಂಬಣ್ಣ ಹೋಗಿ ಚಹಾದ ಬಣ್ಣ ಬಂದಿತ್ತು. ಅಭ್ಯಾಸಬಲದಿಂದ ಮೂಗು ತಪ್ಪು ಹುಡುಕಿತು: ಒದ್ದೆ ರಟ್ಟು, ಜೇನು, ಕಾಸಿದ ಸಕ್ಕರೆ, ಹಾಪ್ಸಿನ ಸುಳಿವಿಲ್ಲ. ಬಾಯಿಬಿಟ್ಟೇ ಹೇಳಿದೆ.

“ಆ ಒದ್ದೆ ರಟ್ಟಿದೆಯಲ್ಲ, ಅದು ಬಂತು ಅಂದ್ರೆ ಊರು ಹತ್ತಿರ ಬಂತು ಅಂತ ಲೆಕ್ಕ ನನಗೆ,” ಅಂದಳು.

ನಾನು ಕುಡಿದೆ. ಕಹಿ ಮೆತ್ತಗಾಗಿ ಮೂಲೆ ಹಿಡಿದಿತ್ತು. ಅದರ ಕೆಳಗೆ ನನ್ನದೇ ಮಾಲ್ಟು, ಅಂದರೆ ಮೊಳಕೆ ಬಾರ್ಲಿಯ ಸಿಹಿ, ನನ್ನದೇ ಕೈ. ಸದ್ದೆಲ್ಲ ಅಡಗಿದ ಮೇಲೆ ಕೇಳಿಸಿದ ಮನೆಯವರ ಮಾತಿನ ಹಾಗೆ. ಪ್ರತಿ ಸೋಮವಾರ ನಾನು ಚರಂಡಿಗೆ ಚೆಲ್ಲುತ್ತ ಬಂದದ್ದು ಇದನ್ನೇ. ಕಣ್ಣು ತುಂಬಿ ಬಂತು, ಬರಲಿ ಅಂತ ಬಿಟ್ಟೆ.

ಅವಳು ಖಾಲಿ ಬಾಟ್ಲಿಯನ್ನು ಬೆಳಕಿಗೆ ಹಿಡಿದಳು. “ಇದೇ ಕೊನೇದು. ಇನ್ನು ಹೊರಡೋದೂ ಇಲ್ಲ, ಪೆಟ್ಟಿಗೆ ಕಟ್ಟೋದೂ ಇಲ್ಲ.” ಮನೆಗೆ ಬಂದವಳ ಮುಖ ಊರು ಬಿಟ್ಟವಳ ಮುಖದ ಹಾಗಿತ್ತು.

ಸೋಮವಾರ ತಂಗಿ ದಿನ ತೀರಿದ ಹಳೇ ಘಾಟಿನ ಬಾಟ್ಲಿಗಳನ್ನು ಚರಂಡಿಯ ಪಕ್ಕ ಜೋಡಿಸಿಟ್ಟು ನನ್ನನ್ನು ಕರೆದಳು. ನಾನು ಅವನ್ನೆಲ್ಲ ಪೆಟ್ಟಿಗೆಗೆ ತುಂಬಿ, ಟ್ಯಾಂಕುಗಳ ಪಕ್ಕದ ಬಾಯ್ಲರ್ ಕೋಣೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಸೆಖೆಯಿರುವ ಮೂಲೆಗೆ ಹೊತ್ತೆ. ತಂಗಿ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಳು.

ಅಲ್ಲಿ ನನ್ನ ಹೆಂಡತಿ ಆಗಲೇ ಒಂದು ಹಳೆಯ ಕಂಬಳಿ ಹಾಸಿ ಜಾಗ ಮಾಡಿದ್ದಳು. ಪೆಟ್ಟಿಗೆ ಇಳಿಸಿದ ಮೇಲೆ ಅದರ ಮೇಲೆ ಅಂಗೈ ಇಟ್ಟು ನೋಡಿದಳು.

“ಎಷ್ಟು ದಿನ ಬೇಕಾಗುತ್ತೆ?” ಅಂದಳು.

“ತಿಂಗಳುಗಟ್ಟಲೆ. ಕಾಯಬೇಕು.”

“ಕಾಯೋಣ ಬಿಡಿ,” ಅಂದಳು. “ಈ ಸಲ ಇಬ್ಬರೂ ಒಂದೇ ಕಡೆ ಇದ್ದೀವಲ್ಲ.”