ಮಡೈಮಾಡನ ಎರಡನೇ ಭಾಗ

ಮಡೈಮಾಡನ್ ಸಿನಿಮಾದ ಎರಡನೇ ಭಾಗ ಬಿಡುಗಡೆಯಾದ ಮೇಲೆ ನಮ್ಮೂರು ಇಬ್ಭಾಗವಾಯಿತು. ಮೊದಲನೆಯದೇ ಚೆನ್ನಾಗಿತ್ತು ಅನ್ನುವವರು ಟೀ ಅಂಗಡಿಯ ಬೆಂಚು ಹಿಡಿದರು, ಎರಡನೆಯದೇ ಸೈ ಅನ್ನುವವರು ಎದುರಿನ ಬೇವಿನ ಕಟ್ಟೆ ಹತ್ತಿದರು.

"ಒಂದರಲ್ಲಿ ಕಥೆ ಅಂತ ಇತ್ತಲೇ. ಎರಡರಲ್ಲಿ ಬರೀ ಗ್ರಾಫಿಕ್ಸು. ಕೆರೆ ನೀರು ಎಲ್ಲಾದ್ರೂ ಆಕಾಶಕ್ಕೆ ಹಾರುತ್ತಾ?"

"ನಿನ್ನ ಒಂದನೇ ಭಾಗಕ್ಕೆ ಇಂಟರ್ವಲ್ ತನಕ ಗೊರಕೆ ಹೊಡೆದೋನು ನಾನು. ಎರಡರಲ್ಲಿ ತೂಬು ಸೀಳ್ಕೊಂಡು ಎದ್ದು ಬರ್ತಾನಲ್ಲ, ಮೈಯೆಲ್ಲಾ ಜುಂ ಅಂತು!"

"ಮೂರನೇ ಭಾಗದಲ್ಲಿ ಲಂಡನ್ನಿಗೆ ಹೋಗ್ತಾನಂತೆ."

ಇವರು ಹೀಗೆ ಬಾಯಿ ಹರಿದುಕೊಳ್ಳುತ್ತಿದ್ದದ್ದು ನಮ್ಮ ದೇವರ ವಿಷಯಕ್ಕೆ. ಸಿನಿಮಾದವರು ಎತ್ತಿಕೊಂಡು ಹೋದದ್ದು ನನ್ನ ಅಕ್ಕ ಪೇಚ್ಚಿಯಮ್ಮಾಳ್ ಗೆಜ್ಜೆ ಕಟ್ಟಿದ ಬಿಲ್ಲನ್ನು ಕೋಲಿನಿಂದ ಬಡಿದು ಹಾಡುವ ಕಥೆಯನ್ನು. ಅವಳ ಪಕ್ಕದಲ್ಲಿ ಕೂತು ಮಡಕೆ ತಟ್ಟುವವನು ನಾನು, ಸುಡಲೈಮುತ್ತು. ನಲವತ್ತು ವರ್ಷ ತಟ್ಟಿದ್ದೇನೆ. ಆ ಕಥೆ ಎಲ್ಲಿ ತಿರುಗುತ್ತದೆ ಎಂದು ನನ್ನ ಬೆರಳುಗಳಿಗೇ ಗೊತ್ತು.

ಮಡೈ ಅಂದರೆ ಕೆರೆಯ ತೂಬು; ಮಾಡನ್ ಅದನ್ನು ಕಾಯುವ ಆಳು. ಏರಿ ಪದೇ ಪದೇ ಒಡೆಯುತ್ತಿತ್ತು ಎಂದು ಜಮೀನ್ದಾರ ಅವನನ್ನು ಬಲಿಯಾಗಿ ಜೀವಸಹಿತ ತೂಬಿನೊಳಗೆ ಇಟ್ಟು ಗೋಡೆ ಕಟ್ಟಿಸಿದ. ಮೂರು ದಿನ ಒಳಗಿಂದ "ಅಮ್ಮಾ, ನೀರು" ಎಂಬ ಕೂಗು ಬರುತ್ತಿತ್ತು. ತಾಯಿ ಚೆಂಬು ಹಿಡಿದು ಏರಿಯ ಮೇಲೆ ಓಡಾಡಿದಳು, ಜಮೀನ್ದಾರನ ಆಳುಗಳು ಹತ್ತಿರ ಬಿಡಲಿಲ್ಲ. ನಾಲ್ಕನೇ ದಿನ ಕೂಗು ನಿಂತಿತು. ಅಷ್ಟೇ ಕಥೆ. ವರ್ಷಕ್ಕೊಮ್ಮೆ ಪಂಗುನಿ ತಿಂಗಳ ಬಿರುಬೇಸಿಗೆಯ ಮಟಮಟ ಮಧ್ಯಾಹ್ನ ಅಕ್ಕ ಆ ತಾಯಿಯ ಗೋಳು ಹಾಡುತ್ತಾಳೆ. ಅವನ ವಂಶದವನೊಬ್ಬನ ಮೈಮೇಲೆ ಮಾಡನ್ ಬಂದು ನೀರು ಕೇಳುತ್ತಾನೆ. ಅಕ್ಕ ಚೆಂಬು ಕೊಡುತ್ತಾಳೆ, ಅವನು ಗಟಗಟ ಕುಡಿಯುತ್ತಾನೆ. ಅವನು ಕುಡಿಯುವ ತನಕ ಬೆಳಗಿನಿಂದ ಊರಲ್ಲಿ ಯಾರೂ ತೊಟ್ಟು ನೀರು ಮುಟ್ಟುವಂತಿಲ್ಲ, ಹಸುಗೂಸಿನ ಹೊರತು. ಅಂದು ನಮ್ಮೂರು ಮಾಡಿದ ಪಾಪಕ್ಕೆ ವರ್ಷಕ್ಕೊಂದು ಚೆಂಬು ನೀರು, ಬೇರೇನೂ ನಮ್ಮ ಕೈಲಾಗದು.

ಅಕ್ಕ ಒಂದನೇ ಭಾಗವನ್ನು ಕೋವಿಲ್‌ಪಟ್ಟಿಯಲ್ಲಿ ಅರ್ಧ ನೋಡಿ ಎದ್ದುಬಂದಿದ್ದಳು. "ಏನಾಯ್ತಕ್ಕಾ?" ಎಂದರೆ, "ತಾಯೀನ ಮೊದಲನೇ ಸೀನಿನಲ್ಲೇ ಸಾಯಿಸಿಬಿಟ್ರಲ್ಲೋ. ಇನ್ನು ಅವನಿಗೆ ನೀರು ಕೊಡೋರು ಯಾರು?" ಅಂದಳು. ಅವಳ ವಿಮರ್ಶೆ ಅಷ್ಟೇ. ನನಗೆ ಅದಕ್ಕಿಂತ ಒಳ್ಳೆಯ ವಿಮರ್ಶೆ ಯಾವ ಫೋನಿನಲ್ಲೂ ಕಾಣಲಿಲ್ಲ.

ಈ ವರ್ಷ ಪೂಜೆಗೆ ಎರಡು ದಿನ ಇರುವಾಗ ದೇವಸ್ಥಾನದ ಕಮಿಟಿಯ ಶಂಕರಪಾಂಡಿ ನಮ್ಮ ಮನೆಗೆ ಬಂದ. ಆ ಜಮೀನ್ದಾರನ ವಂಶದವನೇ.

"ಪೇಚ್ಚಿಯತ್ತೆ, ಮದುರೆ, ತೂತ್ತುಕುಡಿಯಿಂದೆಲ್ಲಾ ಜನ ವ್ಯಾನು ಕಟ್ಕೊಂಡು ಬರ್ತಿದಾರೆ. ಅವರು ಸಿನಿಮಾದಲ್ಲಿ ನೋಡಿದ ಮಾಡನ್ ಬದುಕಿದಾನೆ. ನೀವು ಸಾಯಿಸಿ ಅಳಿಸಿದ್ರೆ ಏನ್ ಚೆಂದ? ಈ ಸಲ ಹಾಡನ್ನ ಗೋಡೆ ಕಟ್ಟೋ ಜಾಗದಲ್ಲೇ ನಿಲ್ಲಿಸಿಬಿಡಿ."

"ಸಾಯಿಸಿದ್ದು ನಾನೇನಪ್ಪಾ?" ಅಕ್ಕ ವೀಳ್ಯದೆಲೆಯ ನಾರು ತೆಗೆಯುತ್ತ ಕೇಳಿದಳು. "ನಿಮ್ಮ ಮುತ್ತಾತನ ಹತ್ರ ಹೋಗಿ ಹೇಳ್ಬೇಕಿತ್ತು ಇದನ್ನ."

ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ನಾನು ನಕ್ಕೆ. ಅಕ್ಕ ನಗಲಿಲ್ಲ.

"ನಗಬೇಡ ಕಣೋ. ತವಸಿ ಹೋದ ಮೇಲೆ ಇದೇ ಮೊದಲ ವರ್ಷ. ಮಾಡನ್ ಬರ್ತಾನೋ ಇಲ್ವೋ ಅಂತ ದಿಗಿಲಾಗಿದೆ. ಬರದಿದ್ರೆ ನೀರು ಯಾರಿಗೆ ಕೊಡ್ಲಿ?"

ತವಸಿ ಮೂವತ್ತು ವರ್ಷ ಮಾಡನನ್ನು ಮೈಮೇಲೆ ಹೊತ್ತವನು. ಈಗ ಅವನ ಮೊಮ್ಮಗ ಅಯ್ಯಾಕುಟ್ಟಿಯ ಸರದಿ. ಬೆಂಕಿಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸ. ಇಪ್ಪತ್ತೆರಡರ ಮೆತ್ತನೆಯ ಹುಡುಗ. ಎರಡನೇ ಭಾಗವನ್ನು ಒಂಬತ್ತು ಸಲ ನೋಡಿದವನು. ಆದರೂ ಇಪ್ಪತ್ತೊಂದು ದಿನ ವ್ರತ ಹಿಡಿದು ಬರಿ ನೆಲದ ಮೇಲೆ ಮಲಗಿದ. ಅವನನ್ನು ದೂರುವ ಹಾಗಿಲ್ಲ.

ಪೂಜೆಯ ದಿನ ತೂಬಿನ ಎದುರು ಎಂದೂ ಕಾಣದ ಜನ. ಹೊರಗಿನವರ ಕೈಯಲ್ಲಿ ಜ್ಯೂಸು, ಐಸು. ನಮ್ಮವರ ತುಟಿ ಒಣಗಿತ್ತು. ಅಕ್ಕ ಹಾಡಿದಳು. ಎಪ್ಪತ್ತರ ಹತ್ತಿರದ ಗಂಟಲು, ನೀರು ಕಾಣದ ಗಂಟಲು; ಆದರೂ ಅಂಥ ಹಾಡನ್ನು ನಾನು ಅವಳ ಬಾಯಲ್ಲಿ ಹಿಂದೆ ಕೇಳಿರಲಿಲ್ಲ. ಗೋಡೆ ಎದ್ದಿತು. ತಾಯಿ ಏರಿಯ ಮೇಲೆ ಓಡಿದಳು. ಹಿಂದಿನ ಸಾಲಿನಲ್ಲಿ ಯಾರೋ, "ಇದೇನ್ ಸ್ವಾಮಿ, ಫೈಟೇ ಇಲ್ವಾ?" ಅಂದ. ಅಕ್ಕನಿಗೆ ಕೇಳಿಸಿತು. ಅವಳ ಕೋಲು ತಪ್ಪಲಿಲ್ಲ.

"ನನ್ನ ಕಂದಾ, ಚೆಂಬು ತಂದಿದೀನಿ, ಬಾಯಿ ತೆಗೆಯೋ" ಎಂಬ ಸಾಲಿಗೆ ಅಯ್ಯಾಕುಟ್ಟಿ ನಡುಗಿದ. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ನೆಲಕ್ಕೆ ಬಿದ್ದು ಹೊರಳಿ ಎದ್ದ. ಬಂದ, ಮಾಡನ್ ಬಂದ! ಅಕ್ಕ ಅಳುತ್ತಲೇ ನಗುತ್ತ ಎದ್ದು, ಎರಡೂ ಕೈಯಲ್ಲಿ ಚೆಂಬು ಹಿಡಿದು ಅವನ ಮುಂದೆ ನಿಂತಳು.

ಅಯ್ಯಾಕುಟ್ಟಿ ಎದೆ ಸೆಟೆಸಿದ. ಅವನದಲ್ಲದ ದಪ್ಪ ದನಿ ಹೊರಟಿತು.

"ನೀರು ಬೇಡೋನಲ್ಲ ನಾನು! ನೀರೇ ನನ್ನ ಅಪ್ಪಣೆ ಕೇಳಿ ಹರೀಬೇಕು!"

ಎರಡನೇ ಭಾಗದ ಮಾತು. ಶಿಳ್ಳೆ ಮುಗಿಲು ಮುಟ್ಟಿತು. ಸಾವಿರ ಫೋನು ಮೇಲೆದ್ದವು.

"ಕುಡಿಯಪ್ಪಾ" ಅಂದಳು ಅಕ್ಕ. "ಅಮ್ಮ ಬಂದಿದೀನಿ."

ಅವನು ಚೆಂಬನ್ನು ನೋಡಿದ, ಅವಳನ್ನು ನೋಡಿದ. ಗುರುತು ಸಿಗಲಿಲ್ಲ. ಅದೇ ಮಾತನ್ನು ಇನ್ನೊಮ್ಮೆ ಗುಡುಗಿದ. ನಾಟಕವಾಗಿದ್ದರೆ ನಾನೇ ಎದ್ದು ಕೆನ್ನೆಗೆ ಬಾರಿಸುತ್ತಿದ್ದೆ. ನಾಟಕವಲ್ಲ. ನಟಿಸುವವನ ಕಾಲು ನೆಲ ಮೆಟ್ಟುವ ಬಗೆ ಬೇರೆ, ದೇವರು ಮೈಮೇಲೆ ಬಂದವನದು ಬೇರೆ. ಅಷ್ಟು ನನಗೆ ತಿಳಿಯುತ್ತದೆ. ಬಂದವನು ದೇವರೇ. ಬಂದು, ತನ್ನ ಸಾವನ್ನೂ ತಾಯಿಯನ್ನೂ ಮರೆತಿದ್ದ. ನನ್ನ ಕೈ ಮಡಕೆಯ ಮೇಲೆ ಸತ್ತುಹೋಯಿತು.

ಶಂಕರಪಾಂಡಿ ಮೈಕು ಕಿತ್ತುಕೊಂಡ. "ಸಾಮಿ ಬಂದು ಹರಸಿದೆ! ಎಲ್ಲಾರೂ ನೀರು ಕುಡೀಬಹುದು, ಊಟಕ್ಕೆ ಏಳಿ!" ಊರವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಒಬ್ಬ ಕುಡಿದ, ಹಿಂದೆಯೇ ಎಲ್ಲರೂ ಕುಡಿದರು. ಬಾಯಾರಿದವರನ್ನು ಏನೆಂದು ಬೈಯಲಿ?

ಅಂಗಳ ಖಾಲಿಯಾದರೂ ಅಕ್ಕ ತುಂಬಿದ ಚೆಂಬನ್ನು ತೊಡೆಯ ಮೇಲಿಟ್ಟುಕೊಂಡು ತೂಬಿನ ಮೆಟ್ಟಿಲ ಮೇಲೆ ಕೂತೇ ಇದ್ದಳು. ತುಟಿ ಒಡೆದು ರಕ್ತ ಕಾಣುತ್ತಿತ್ತು.

"ನೀನಾದ್ರೂ ಕುಡಿ ಅಕ್ಕಾ."

"ಅವನು ಕುಡೀಲಿಲ್ವಲ್ಲೋ."

"ಅವನಿಗೆ ಈಗ ಬಾಯಾರಿಕೇನೇ ಇಲ್ಲ ಅಕ್ಕಾ. ನೀನೇ ಕೇಳಿದೆಯಲ್ಲ."

ಅಕ್ಕ ತನ್ನ ಬೆನ್ನ ಹಿಂದಿನ ತೂಬಿನ ಗೋಡೆಗೆ ಅಂಗೈ ಒತ್ತಿದಳು.

"ಹೊರಗೆ ಬಂದೋನಿಗೆ ಇಲ್ಲ ಸುಡಲೈ. ಒಳಗಿರೋನಿಗೆ?"

ಅವಳ ಪಕ್ಕದಲ್ಲಿ ಕೂತೆ. ನಾನೂ ಕುಡಿಯಲಿಲ್ಲ.