ಬೆಕ್ಕಿನ ಮೀಸೆ

"ವೈಫೈ ಸಿಕ್ಕಿದೆ ಅಂತ ತೋರಿಸ್ತಿದೆ ಭಾವ. ಆದ್ರೆ ಒಂದು ಪುಟಾನೂ ತೆಗೀತಿಲ್ಲ. ಬನ್ನಿ ಬನ್ನಿ ಅಂತ ಕರೆದು ಹೊಸ್ತಿಲಲ್ಲೇ ನಿಲ್ಲಿಸಿದ ಹಾಗಾಯ್ತು," ಎಂದು ಬಾಮೈದ ಲ್ಯಾಪ್‌ಟಾಪನ್ನು ಮೊಣಕಾಲಿನ ಮೇಲೆಳೆದುಕೊಂಡ.

ಭಾವ ತಲೆಯೆತ್ತಿ ನೋಡಿದ. ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಅವನ ಎರಡು ಕೆನ್ನೆಗಳ ಮೇಲೂ ಮೂರು ಮೂರು ಕಪ್ಪು ಗೀಟುಗಳಿದ್ದವು.

ಅಕ್ಕ ಭಾವ ಬೇರೆಯಾಗಿ ಎಂಟು ತಿಂಗಳಾಗಿತ್ತು. ಸಂಬಂಧ ಕಾಗದದ ಮೇಲೆ ಹರಿದಿತ್ತು, ಬಾಮೈದನ ಬಾಯಿಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಅದೇ ಕಾಗದದಲ್ಲಿ ಇನ್ನೊಂದು ಮಾತೂ ಇತ್ತು. ಶನಿವಾರ ನಾಲ್ಕರಿಂದ ನಾಲ್ಕೂವರೆಯವರೆಗೆ ಅಪ್ಪ ಮಗಳನ್ನು ತೆರೆಯ ಮೇಲೆ ನೋಡಬಹುದು, ಸತತ ಎರಡು ವಾರ ತಪ್ಪಿಸಿದರೆ ಮುಂದೆ ತಿಂಗಳಿಗೆ ಒಂದೇ ಸಲ. ಹೋದ ಶನಿವಾರ ತಪ್ಪಿತ್ತು.

ತಪ್ಪಿದ್ದಕ್ಕೆ ಕಾರಣ ಬೆಕ್ಕು. "ಮುಂದಿನ ವಾರ ಬೆಕ್ಕಾಗಿ ಬಾ ಅಪ್ಪ," ಎಂದಿದ್ದಳು ಮಗಳು. ಮುಖಕ್ಕೆ ಮೀಸೆ ಅಂಟಿಸುವ ಒಂದು ಪುಕ್ಕಟೆ ಪ್ರೋಗ್ರಾಮನ್ನು ಹುಡುಕಿ ಲ್ಯಾಪ್‌ಟಾಪಿಗೆ ಇಳಿಸಿಕೊಂಡ. ಅದು ಕೇಳಿದ್ದಕ್ಕೆಲ್ಲ ಹೂಂ ಹೂಂ ಎಂದು ಒತ್ತಿದ. ಮೀಸೆ ಬರಲಿಲ್ಲ, ವೈರಸ್ ಬಂತು, ಲ್ಯಾಪ್‌ಟಾಪ್ ಕೈಕೊಟ್ಟಿತು. ದೊಡ್ಡ ಫೋನಿನಲ್ಲಿ ಮಗಳ ಆಟಗಳೆಲ್ಲ ಇದ್ದುದರಿಂದ ಮನೆ ಬಿಡುವಾಗ ಅದನ್ನು ಅವಳ ಹತ್ತಿರವೇ ಬಿಟ್ಟು ಬಂದಿದ್ದ. ಕೊನೆಗೆ ನಾಲ್ಕೂವರೆ ದಾಟಿದ ಮೇಲೆ ಜೇಬಿನಲ್ಲಿದ್ದ ಗುಂಡಿ ಫೋನಿನಿಂದ ಕರೆ ಮಾಡಿದರೆ ಅವಳಮ್ಮ, "ಕಾದು ಸಾಕಾಗಿ ಆಟಕ್ಕೆ ಹೋದ್ಲು," ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಈ ವಾರ ಪ್ರೋಗ್ರಾಮಿನ ಗೊಡವೆಯೇ ಬೇಡವೆಂದು ತಾನೇ ಮೀಸೆ ಬರೆದುಕೊಂಡಿದ್ದ. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕೈಗೆ ಸಿಕ್ಕಿದ್ದು ಗಾಜಿನ ಮೇಲೆ ಗುರುತು ಹಾಕುವ ಪೆನ್ನು. ಅದರ ಶಾಯಿ ನೀರಿಗೆ ಜಗ್ಗುವುದಿಲ್ಲ, ಸೋಪಿಗೂ ಇಲ್ಲ.

"ಗಾಜಲ್ಲಿ ಕೂದಲೆಳೆಯಷ್ಟು ಗೀಟಿದ್ರೂ ಹಿಡೀತೀರಿ, ಆ ಪುಕ್ಕಟೆ ಪ್ರೋಗ್ರಾಮಲ್ಲಿದ್ದ ಇಷ್ಟು ದೊಡ್ಡ ಕಳ್ಳ ಕಾಣಲಿಲ್ವಾ?" ಎಂದ ಬಾಮೈದ. ಕಂಪ್ಯೂಟರ್ ರಿಪೇರಿ ಅವನ ಕಸುಬು. ನಿನ್ನೆ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದು ವೈರಸ್ಸನ್ನೆಲ್ಲ ಗುಡಿಸಿ ತಂದಿದ್ದ. ವೈಫೈ ಹಚ್ಚಿ ನೋಡುವುದೊಂದನ್ನು ಮರೆತಿದ್ದ, ಅದಕ್ಕೇ ಈ ಪಾಡು.

ರೂಟರ್ ಆರಿಸಿ ಹಚ್ಚಿದ. ಉಳಿಸಿದ್ದ ಪಾಸ್‌ವರ್ಡ್ ಅಳಿಸಿ ಹೊಸದಾಗಿ ಹಾಕಿದ. ಪೆನ್‌ಡ್ರೈವಿನಿಂದ ಡ್ರೈವರ್ ತುಂಬಿದ. ತನ್ನ ಫೋನಿನ ನೆಟ್ಟನ್ನೇ ಲ್ಯಾಪ್‌ಟಾಪಿಗೆ ಕೊಟ್ಟ. ಆಗಲೂ ಅದೇ ಹಾಡು: ಸಂಪರ್ಕವಿದೆ, ಇಂಟರ್ನೆಟ್ ಇಲ್ಲ.

"ಹಾಗಾದ್ರೆ ರೂಟರ್ ತಪ್ಪಲ್ಲ. ರೋಗ ಇದರ ಹೊಟ್ಟೇಲೇ ಇದೆ."

ನಾಲ್ಕಾಯಿತು. ನಾಲ್ಕು ಹತ್ತಾಯಿತು. ಭಾವನಿಗೆ ಗಾಬರಿಯಾಗಬೇಕಿತ್ತು, ಆಗಲಿಲ್ಲ. ಎಂಟು ತಿಂಗಳಿಂದ ಹೀಗೆಯೇ. ಜೋಮು ಹಿಡಿದ ಕಾಲನ್ನು ಬೇರೆಯವರದೇನೋ ಎಂಬಂತೆ ಚಿವುಟಿ ನೋಡುತ್ತೇವಲ್ಲ, ಹಾಗೆ ತನ್ನನ್ನೇ ನೋಡುತ್ತ ಕೂತಿದ್ದ. ತಿಂಗಳಿಗೊಂದು ಸಲ ಎಂದರೆ ವರ್ಷಕ್ಕೆ ಹನ್ನೆರಡು ಎಂದು ಲೆಕ್ಕ ಹಾಕಿದ. ಆಗಲೂ ಏನೂ ಅನ್ನಿಸಲಿಲ್ಲ.

ನಾಲ್ಕು ಇಪ್ಪತ್ತಕ್ಕೆ ಬಾಮೈದ ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟ. "ನನ್ ಫೋನಿಂದಾನೇ ಮಾಡ್ತೀನಿ."

"ನೀನು ಇಲ್ಲಿಗೆ ಬರೋದು ನಿಮ್ಮಕ್ಕಂಗೆ ಗೊತ್ತಿಲ್ಲ."

"ಗೊತ್ತಾದ್ರೆ ಚರ್ಮ ಸುಲೀತಾಳೆ. ಸುಲೀಲಿ ಬಿಡಿ."

ಎರಡನೇ ರಿಂಗಿಗೇ ಅಕ್ಕನ ಮುಖ ಬಂತು. "ಏನೋ? ಎಲ್ಲಿದೀಯ?"

"ಭಾವನ ಮನೇಲಿ. ಲ್ಯಾಪ್‌ಟಾಪ್ ಕೆಟ್ಟಿದೆ ಅಕ್ಕ, ನಾನೇ ರಿಪೇರಿ ಮಾಡ್ತಿದೀನಿ. ಅವರ ತಪ್ಪಲ್ಲ. ಮಗೂನ ಕರಿ."

ಅಕ್ಕ ಫೋನು ಹಿಡಿದೇ ಎದ್ದು ನಡೆದಳು. ಅವಳ ಹಿಂದಿನ ಗೋಡೆ, ಕುರ್ಚಿ, ಕಿಟಕಿ ಒಂದೊಂದಾಗಿ ಸರಿದು ಹೋದವು. ಆಮೇಲೆ ಮಗಳು.

"ಮಿಯಾಂವ್," ಎಂದ ಅಪ್ಪ.

ಮಗಳು ಅವನ ಮುಖವನ್ನು ಚೆನ್ನಾಗಿ ನೋಡಿದಳು. "ಅಪ್ಪಾ, ಬೆಕ್ಕು ಹೋದ ವಾರದ್ದು. ಈಗ ನಾನು ಬೆಕ್ಕು ಆಡಲ್ಲ," ಎಂದಳು. ಬೇಸರವೇನೂ ಇರಲಿಲ್ಲ, ತಿಳಿಸಿ ಹೇಳಿದಳು ಅಷ್ಟೆ. ಸಡಿಲವಾದ ಹಲ್ಲನ್ನು ನಾಲಿಗೆಯಿಂದ ತಳ್ಳಿ ತೋರಿಸಿದಳು. ಮೊಲದ ಬಗ್ಗೆ ಏನೋ ಹೇಳಹೊರಟಳು. ಅಷ್ಟರಲ್ಲಿ ಅಕ್ಕನ ದನಿ, "ನಾಲ್ಕೂವರೆ ಆಯ್ತು," ಎಂದಿತು. ಆಮೇಲೆ, "ಈ ವಾರ ಬಂದ್ರು ಅಂತ ಇರಲಿ," ಎಂದಿತು. ಫೋನು ಕಪ್ಪಾಯಿತು.

"ಗೆದ್ವಿ ಭಾವ!" ಎಂದ ಬಾಮೈದ. ಭಾವ ತಲೆಯಾಡಿಸಿದ.

ಹಟ ಬಿಡದೆ ಬಾಮೈದ ಮತ್ತೆ ಲ್ಯಾಪ್‌ಟಾಪಿಗೆ ಬಗ್ಗಿದ. ಸೆಟ್ಟಿಂಗಿನ ಯಾವುದೋ ಮೂಲೆಗೆ ಹೋದವನು ಹಣೆ ಚಚ್ಚಿಕೊಂಡ. "ಥೂ ನನ್ನ! ವೈರಸ್ ಹೋಗಿದೆ, ಅದು ಹಾಕಿಟ್ಟ ಅಡ್ಡದಾರಿ ಹಾಗೇ ಇದೆ ನೋಡಿ. ಇಷ್ಟು ಹೊತ್ತೂ ಇದು ಇಲ್ಲದ ಮನೆ ಬಾಗಿಲು ತಟ್ತಾ ಕೂತಿತ್ತು." ಒಂದು ಟಿಕ್ ಗುರುತು ತೆಗೆದ, ಅಷ್ಟೇ.

ತಡೆದು ನಿಂತಿದ್ದದ್ದೆಲ್ಲ ಟಿಣ್ ಟಿಣ್ ಎಂದು ಒಳಗೆ ಬರತೊಡಗಿತು. ಹೋದ ಶನಿವಾರ ಮಗಳು ಮಾಡಿದ್ದ ಕರೆಗಳು. ನಾಲ್ಕು ಗಂಟೆಗೊಂದು, ನಾಲ್ಕು ಎರಡಕ್ಕೊಂದು, ನಾಲ್ಕು ಐದಕ್ಕೊಂದು. ಒಟ್ಟು ಹನ್ನೊಂದು. ಕೊನೆಯದು ನಾಲ್ಕು ಇಪ್ಪತ್ತೊಂಬತ್ತಕ್ಕೆ. ಅದರ ಕೆಳಗೊಂದು ಫೋಟೊ. ಮಗಳ ಮುಖ, ಎರಡು ಕೆನ್ನೆಗೂ ಕಾಡಿಗೆಯ ಮೂರು ಮೂರು ಗೀಟು.

ಬಾಮೈದ ನೋಡಿ ಮುಖ ತಿರುಗಿಸಿದ. ಆಮೇಲೆ ಎದ್ದು ಬಚ್ಚಲಿಗೆ ಹೋಗಿ ಬಟ್ಟೆ ಒದ್ದೆ ಮಾಡಿ ತಂದ. "ಒರೆಸಿಕೊಳ್ಳಿ ಭಾವ. ನೀರಿಗೆ ಹೋಗಲ್ವಾ ಇದು?"

"ಸ್ಪಿರಿಟ್ ಬೇಕು. ಅಂಗಡೀಲಿದೆ," ಎಂದ ಭಾವ, ತೆರೆಯಿಂದ ಕಣ್ಣು ತೆಗೆಯದೆ. "ಅಂಗಡಿ ತೆಗೆಯೋದು ಸೋಮವಾರ."

ಬಟ್ಟೆಯನ್ನು ಇಸಿದುಕೊಂಡು ಕೈಯಲ್ಲೇ ಹಿಡಿದು ಕೂತ. ಅದರ ನೀರು ತೊಟ್ಟು ತೊಟ್ಟಾಗಿ ಅವನ ಪಾದದ ಮೇಲೆ ಬೀಳುತ್ತಿತ್ತು.