ಬೋಗುಣಿ ಹಿಡಿದವರಿಗೆ ದಾರಿ

“ಥೂ, ಕೇಳೋಕಾದ್ರೂ ನಾಚ್ಕೆ ಬೇಡ್ವಾ? ನಿಮ್ಮಂಥೋರು ಕೂರ್ಲಿ ಅಂತ ಹಾಕ್ಸಿದ ಟಾಯ್ಲೆಟ್ಟಲ್ಲ ಅದು. ಎಲ್ಲೆಲ್ಲಿ ಯಾರ್ಯಾರ ಹೇಲು ಬಾಚ್ಕೊಂಡು ಬರ್ತೀಯೋ!”

ಮೆಟ್ಟಿಲ ಬುಡದಲ್ಲಿ ನಿಂತು ಕೋರಿನ್ ಇದನ್ನು ಹೇಳುವಾಗ ನನ್ನ ಕೈಯಲ್ಲಿ ಅವಳ ತಾಯಿಯ ಕಮೋಡ್ ಕುರ್ಚಿಯ ಬೋಗುಣಿ ಇತ್ತು. ಅವಳು ಪಕ್ಕಕ್ಕೆ ಸರಿದಳು. ಬೋಗುಣಿ ಹಿಡಿದಾಗ ಮಾತ್ರ ನಮಗೆ ಆ ಮೆಟ್ಟಿಲು. ಮೇಲೆ ಟಾಯ್ಲೆಟ್ಟಿಗೆ ಸುರಿದು ತೊಳೆಯುವಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು. ಹೋದ ವಾರ ಒಂದೇ ಬೋಗುಣಿಗೆ ಎರಡು ಸಲ ನೀರು ಬಿಟ್ಟ ಸದ್ದು ಕೇಳಿ, ನಾನೂ ಅಲ್ಲಿ ಕೂತೆ ಎಂದು ಅವಳು ನಮ್ಮನ್ನು ಆರೈಕೆಗೆ ಕಳಿಸುವ ಆಫೀಸಿಗೆ ದೂರು ಕೊಟ್ಟಿದ್ದಳು. ಇನ್ನೊಂದು ದೂರು ಬಂದರೆ ನನ್ನ ಕೆಲಸ ಹೋಗುತ್ತದೆ.

ಇನ್ನಷ್ಟು ವಿನಯದಿಂದ ಕೇಳಬೇಕಿತ್ತೇನೋ ಎಂದುಕೊಳ್ಳುತ್ತಾ ಬೋಗುಣಿ ತೊಳೆದು ಕೆಳಗಿಳಿದೆ.

ಮುಂದಿನ ಕೋಣೆಯಲ್ಲಿ ಮರ್ಲೀನ್ ಅಜ್ಜಿಯ ಕಾಲಿಗೆ ಕಾಲುಚೀಲ ಏರಿಸುತ್ತಿದ್ದಳು. ಕೋರಿನ್‌ಳ ತಾಯಿ ಎನಿಡ್ ಅಜ್ಜಿಯ ಎಡಮೈ ಬಿದ್ದುಹೋಗಿದೆ. ಎತ್ತುವ ಯಂತ್ರದ ಜೋಲಿಯಲ್ಲಿ ಕೂರಿಸಲು ಇಬ್ಬರು ಬೇಕು, ಹಾಗಾಗಿ ನಾವಿಬ್ಬರು.

“ಏನಂದ್ಳು?” ಎಂದಳು ಮರ್ಲೀನ್.

“ಪೆಟ್ರೋಲ್ ಬಂಕಿನ ಟಾಯ್ಲೆಟ್ಟಿಗೆ ಹೋಗು ಅಂದ್ಳು.”

“ಅದು ಬೆಟ್ಟದ ಆಚೆ ಇದ್ಯಲ್ಲೇ! ಅವ್ಳ ಬಾಯಿಗೆ ಮಣ್ಣು ಹಾಕ. ಅವ್ಳಮ್ಮನ ಕುಂಡಿ ತೊಳ್ಯೋಕೆ ನಮ್ ಕೈ ಬೇಕು, ನಮ್ ಕುಂಡಿ ಮಾತ್ರ ಮೈಲಿಗೆ.”

“ಮೆಲ್ಲಗೆ ಮಾತಾಡೇ.”

ನಾನು ಅಜ್ಜಿಯ ತುಟಿಗೆ ಚಹಾದ ಬಟ್ಟಲು ಹಿಡಿದೆ. “ಇನ್ನೊಂದು ಗುಟುಕು ಕುಡೀರಿ ಅಜ್ಜಿ. ನೀರು ಕಮ್ಮಿ ಆದ್ರೆ ಉಚ್ಚೆ ಉರಿ ಬರುತ್ತೆ.”

“ನೀನು ಕುಡಿದ್ಯಾ?”

“ನಂಗೆ ಬಾಯಾರಿಕೆ ಇಲ್ಲ.”

“ಸುಳ್ಳು!” ಎಂದಳು ಮರ್ಲೀನ್. “ಬೆಳಿಗ್ಗೆಯಿಂದ ಒಂದು ತೊಟ್ಟೂ ಕುಡಿದಿಲ್ಲ ಇವ್ಳು. ಕುಡಿದ್ರೆ ಹೋಗ್ಬೇಕಲ್ಲ. ಉರಿ ಅಂತ ಮತ್ತೆ ಮಾತ್ರೆ ನುಂಗ್ತಾ ಇದ್ದಾಳೆ.”

ಅಜ್ಜಿ ನನ್ನನ್ನೇ ನೋಡಿದರು. ನನಗೆ ನಾಚಿಕೆಯಾಯಿತು. ಟಾಯ್ಲೆಟ್ಟಿನ ವಿಷಯ ಆಫೀಸಿನಲ್ಲೂ ಕೇಳಿದ್ದೆ. ಗಿರಾಕಿ ಮನೆ, ಗಿರಾಕಿ ಹೇಳಿದ ಹಾಗೆ ಎಂದಿದ್ದರು.

ಜೋಲಿ ಸಿಕ್ಕಿಸಿ ಅಜ್ಜಿಯನ್ನು ಎತ್ತಿದೆವು. ಅವರನ್ನು ಆರಾಮಕುರ್ಚಿಯ ಕಡೆಗೆ ತಳ್ಳುವಾಗ ನನ್ನ ಕಿಬ್ಬೊಟ್ಟೆಯಲ್ಲಿ ಚಾಕು ಆಡಿಸಿದಂತಾಯಿತು. ಅಜ್ಜಿಯನ್ನು ಇಳಿಸಿದ ಮೇಲೂ ಯಂತ್ರದ ಕಂಬ ಬಿಡಲಿಲ್ಲ ನಾನು. ಬಿಟ್ಟರೆ ಅಲ್ಲೇ ಆಗಿಬಿಡುತ್ತಿತ್ತು.

“ಗ್ಲೆನಿಸ್,” ಅಜ್ಜಿ ಕರೆದರು. “ಅಲ್ಲಿ ಕೂತ್ಕೋ.”

ಅವರು ಬೆರಳು ತೋರಿಸಿದ್ದು ತಮ್ಮ ಕಮೋಡ್ ಕುರ್ಚಿಯನ್ನು.

“ಅಯ್ಯೋ, ಬೇಡ ಅಜ್ಜಿ...”

“ಊರಿನ ಕೌನ್ಸಿಲ್‌ನೋರು ಅದನ್ನ ನಂಗೆ ಕೊಟ್ಟಿದ್ದು ಮಗಳೇ. ಅವ್ಳು ಹಾಕ್ಸಿದ್ದಲ್ಲ. ಕೂರು.”

ಮರ್ಲೀನ್ ಕಿಟಕಿಯ ಪರದೆ ಎಳೆದಳು. ನಾನು ಕೂತೆ. ಎದುರು ಗೋಡೆಯಲ್ಲಿ ಕೋರಿನ್‌ಳ ಮದುವೆಯ ಫೋಟೋ ಇತ್ತು. ಕೂತವರ ಕಡೆ ನೋಡಬಾರದು, ಏನಾದರೂ ಬೇರೆ ಮಾತಾಡಬೇಕು ಎಂದು ಈ ಕೆಲಸ ಕಲಿಯಲು ಹೋದ ರಾತ್ರಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ನಾನು ದಿನಾ ಹಾಗೇ ಮಾಡುತ್ತಿದ್ದೆ. ಅಜ್ಜಿ ಈಗ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು.

“ಹೊರಗೆ ಗಾಳಿ ಜೋರಾಗಿದ್ಯಾ?” ಎಂದು ಗೋಡೆಯನ್ನು ಕೇಳಿದರು.

“ಹೌದಜ್ಜಿ, ಜೋರಾಗೇ ಇದೆ,” ಎಂದೆ. ಬೆಂಕಿ ಹೊಯ್ದಂತೆ ಉರಿಯಿತು.

ಎದ್ದು ಬಟ್ಟೆ ಸರಿ ಮಾಡಿಕೊಂಡು ಬೋಗುಣಿ ತೆಗೆದೆ. ತಳದಲ್ಲಿ ಕೆಂಪು ಎಳೆಯಿತ್ತು. ಮರ್ಲೀನ್ ಅದನ್ನು ನೋಡಿ ಹಲ್ಲು ಕಚ್ಚಿದಳು. “ಕೊಡು, ನಾನು ಒಯ್ತೀನಿ.”

“ಬೇಡ. ನಂದು ನಾನೇ ಒಯ್ತೀನಿ.”

ಕೋರಿನ್ ಮೆಟ್ಟಿಲ ಬುಡದಲ್ಲೇ ಇದ್ದಳು. ಬೋಗುಣಿ ಕಂಡು ರೂಢಿಯಂತೆ ಸರಿಯಲು ಹೋದವಳು ಅರ್ಧಕ್ಕೆ ನಿಂತಳು.

“ಈಗ್ತಾನೆ ಸುರಿದ್ಯಲ್ಲ? ಇದ್ಯಾರದು?”

ಅಜ್ಜಿಯದು ಎಂದರೆ ದಾರಿ ಬಿಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೂ ಬಂತು.

“ನಂದು,” ಎಂದೆ.

ಒಳಗಿನಿಂದ ಅಜ್ಜಿಯ ಒಡಕು ಧ್ವನಿ ಬಂತು: “ದಾರಿ ಬಿಡೇ ಅವ್ಳಿಗೆ!”

ಕೋರಿನ್ ಮೆಟ್ಟಿಲ ಕಂಬಿ ಹಿಡಿದು ಕೈ ಅಡ್ಡ ಇಟ್ಟಳು. ಇನ್ನೊಂದು ಕೈಯಲ್ಲಿ ಫೋನು ತೆಗೆದು ಆಫೀಸಿನ ನಂಬರು ಒತ್ತಿದಳು. ಆ ಕಡೆ ರಿಂಗಾಗುತ್ತಿರುವುದು ನನಗೂ ಕೇಳುತ್ತಿತ್ತು. ನಾನು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟೆ. ಬೋಗುಣಿ ನಮ್ಮಿಬ್ಬರ ಎದೆಗಳ ನಡುವೆ ಇತ್ತು, ಇನ್ನೂ ಬೆಚ್ಚಗೆ.